ಕೊನೆಯ ಬೆಂಚಿಗೆ ಕೇಳಿಸುವಂತೆ

ಮೆಲ್ಬರ್ನ್
4 ಫೆಬ್ರವರಿ 2024

ಚಂದ್ರಪ್ರಭಾ ಆಂಟಿ,

ಕವರಿನ ಮೇಲೆ ನನ್ನ ಹೆಸರು ನೋಡಿ “ಈ ಅಪರ್ಣಾಗೆ ವಾಟ್ಸ್ಯಾಪ್ ಇಲ್ವಾ?” ಅಂದಿರುತ್ತೀರಿ. ಇದೆ. ಆದರೆ ನಮ್ಮ ಮನೆಯಲ್ಲಿ ಇಬ್ಬರ ಫೋನಿಗೂ ಈಮೇಲಿಗೂ ಒಂದೇ ಪಾಸ್‌ವರ್ಡ್. ಹೃಷಿಕೇಶ್ ಹಾಗೆ ಇಟ್ಟಿದ್ದಾರೆ. ಕಾಗದದಲ್ಲಿ ಬರೆದರೆ ನನ್ನದು ಎನ್ನುವುದು ಒಂದಿಷ್ಟು ಉಳಿಯುತ್ತದೆ. ಅವರು ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ಪುಣೆಯಲ್ಲಿ ಬೆಳೆದವರು, ಒಂದಕ್ಷರ ಓದಲು ಬಾರದು. ನಾವು ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದಾಗ ನಿಮ್ಮ ಮನೆಗೆ ಊಟಕ್ಕೆ ಬಂದು, ಗೋಡೆಯ ಕ್ಯಾಲೆಂಡರ್ ನೋಡಿ “ಏನಾಂಟಿ ಇದು, ಬರೀ ಜಿಲೇಬಿ” ಅಂದಿದ್ದರಲ್ಲ, ನೆನಪಿದೆಯಾ? ನೀವೂ ಮನೆಯ ವಿಳಾಸಕ್ಕೇ ಕನ್ನಡದಲ್ಲಿ ಬರೆಯಿರಿ.

ನಾನು ಪಿಎಚ್‌ಡಿಗೆ ಸೇರಿ ಏಳು ತಿಂಗಳಾಯಿತು. ವಿಷಯ, ಅಮೆರಿಕದ ಮಿಷನರಿ ಹೆಂಗಸರು ಚೀನಾದಲ್ಲಿ ಹುಡುಗಿಯರಿಗಾಗಿ ಕಟ್ಟಿದ ಕಾಲೇಜುಗಳು. ಪಾದಕ್ಕೆ ಬಿಗಿದ ಪಟ್ಟಿ ಬಿಚ್ಚಿಹಾಕಿ ಬಂದ ಹುಡುಗಿಯರು ಅಲ್ಲಿ ಕೆಮಿಸ್ಟ್ರಿ ಓದಿದರು. ಬೈಬಲ್ ಹಂಚಲು ಬಂದವರು ಮೈಕ್ರೋಸ್ಕೋಪ್ ಬಿಟ್ಟುಹೋದರು ಎಂದು ನನ್ನ ಗೈಡ್ ಹೇಳುತ್ತಾರೆ. ಅಷ್ಟು ಸಲೀಸಾಗಿ ಹೇಳಿ ಮುಗಿಸುವ ಕಥೆಯಲ್ಲ ಅದು. ಆ ಹುಡುಗಿಯರು ತಮ್ಮವರಿಗೆ ವಿದೇಶಿಯರಾದರು, ವಿದೇಶಿಯರಿಗೆ ಶಿಷ್ಯೆಯರಾಗಿಯೇ ಉಳಿದರು.

ಎಪ್ಪಿಂಗ್‌ನಲ್ಲಿ ನಿಮ್ಮ ಎದುರು ಫ್ಲಾಟಿನ ಮಿಸೆಸ್ ಷೆನ್ ಅಂಥ ಕಾಲೇಜಿನಲ್ಲಿ ಓದಿದವರು ಎಂದು ನೀವೇ ಒಮ್ಮೆ ಹೇಳಿದ್ದಿರಿ. ಅವರನ್ನು ಮಾತಾಡಿಸಿ, ಹೇಳಿದ್ದನ್ನೆಲ್ಲ ಬರೆದು ಕಳಿಸುತ್ತೀರಾ?

ಅಕ್ಷರ ಸೊಟ್ಟಗಿದೆ. ಬಲಗೈಯ ಎರಡು ಬೆರಳು ಕಾರಿನ ಬಾಗಿಲಿಗೆ ಸಿಕ್ಕಿವೆ.

ನಿಮ್ಮ ಅಪರ್ಣಾ


ಎಪ್ಪಿಂಗ್, ಸಿಡ್ನಿ
15 ಫೆಬ್ರವರಿ 2024

ಅಪರ್ಣಾ ಮರಿ,

ಮೂವತ್ತು ವರ್ಷ ಇಲ್ಲಿನ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದ ಮೇಲೆ ನನಗೆ ಯಾರೂ ಹೋಮ್‌ವರ್ಕ್ ಕೊಟ್ಟಿರಲಿಲ್ಲ. ನೀನು ಕೊಟ್ಟೆ. ಖುಷಿಯಾಯಿತು. ಕಾರಿನ ಬಾಗಿಲನ್ನು ನೋಡಿ ಹಾಕಬಾರದೇನೇ? ಓದುವವರಿಗೆ ಕಣ್ಣು ಪುಸ್ತಕದಲ್ಲಿ ಮಾತ್ರ.

ಮಿಸೆಸ್ ಷೆನ್‌ಗೆ ತೊಂಬತ್ನಾಲ್ಕು. ಮೂಳೆ ಚಕ್ಕುಲಿ, ನಾಲಿಗೆ ಕತ್ತಿ. ನಮ್ಮಿಬ್ಬರದೂ ಇಂಗ್ಲಿಷ್ ಸಂಭಾಷಣೆ, ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕೋಡುಬಳೆ ಕಟಕಟ ಅನ್ನಿಸುತ್ತ, ಮೊದಲ ದಿನವೇ ಹೇಳಿದ್ದು ಇದು.

1937ರ ಡಿಸೆಂಬರ್. ನದಿ ದಡದ ಊರು. ಜಪಾನಿ ಸೈನ್ಯ ಬಂತೆಂದು ಊರಿನ ಹೆಂಗಸರೆಲ್ಲ ಮಿಷನ್ ಕಾಲೇಜಿನ ಗೇಟಿನೊಳಗೆ ನುಗ್ಗಿದರು. ಅಮೆರಿಕದ ಬಾವುಟ ಹಾರುತ್ತಿದ್ದರೆ ಸೈನಿಕರು ಮುಟ್ಟುವುದಿಲ್ಲ ಎನ್ನುವ ನಂಬಿಕೆ. ಷೆನ್‌ಗೆ ಆಗ ಏಳು ವರ್ಷ, ಅಮ್ಮನ ಜೊತೆ ಬಂದಿದ್ದಳು. ಅಮೆರಿಕನ್ ಪ್ರಿನ್ಸಿಪಾಲ್ ಗೇಟಿನ ಹತ್ತಿರ ವಾದ ಮಾಡುತ್ತ ನಿಂತಿದ್ದಾಗ ಐದು ಜನ ಸೈನಿಕರು ಹಿಂದಿನ ಗೋಡೆ ಹಾರಿದರು. ಲ್ಯಾಬಿನಲ್ಲಿ ನಲವತ್ತು ಹೆಂಗಸರು. ಬಾಗಿಲಲ್ಲಿ ಮಿಸ್ ಗು ಎಂಬ ಚೀನೀ ಮೇಷ್ಟ್ರಮ್ಮ, ಅದೇ ಕಾಲೇಜಿನಲ್ಲಿ ಓದಿ ಅಲ್ಲೇ ಕೆಮಿಸ್ಟ್ರಿ ಕಲಿಸುತ್ತಿದ್ದವಳು, ಮದುವೆ ಬೇಡವೆಂದು ಅಪ್ಪನ ಮನೆ ಬಿಟ್ಟವಳು. ಮೊದಲನೆಯವನು ಬಂದೂಕಿನ ಹಿಂಭಾಗದಿಂದ ಅವಳ ಕಿವಿಗೆ ಹೊಡೆದ. ಬಿದ್ದವಳು ಎದ್ದು, ಮೇಜಿನ ಮೇಲಿದ್ದ ಸಲ್ಫ್ಯೂರಿಕ್ ಆಸಿಡ್ ಬಾಟಲಿಯನ್ನು ಅವನ ಮುಖಕ್ಕೆ ಬಗ್ಗಿಸಿದಳು.

“ಚರ್ಮ ಕೆನೆಯ ಹಾಗೆ ಬಂತು,” ಅಂದರು ಷೆನ್, ಕೋಡುಬಳೆ ಮುರಿಯುತ್ತ.

ಅವನನ್ನು ಎಳೆದುಕೊಂಡು ಹೋದರು. ಒಂದು ಗಂಟೆಯಲ್ಲಿ ಬೇರೆ ಮೂವತ್ತು ಜನ ಬಂದರು, ಆಸಿಡ್ ಸುರಿದವಳು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಹನ್ನೊಂದು ಹೆಂಗಸರನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದರು. ಅದರಲ್ಲಿ ಷೆನ್ ಅಮ್ಮನೂ ಒಬ್ಬಳು. ಮಿಸ್ ಗು ಮಗುವನ್ನು ಗಾಜಿನ ಸಾಮಾನಿನ ಕಪಾಟಿನೊಳಗೆ ತಳ್ಳಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಬಾಗಿಲಿನ ಸಂದಿಯಲ್ಲಿ ಮಗು ಎಲ್ಲವನ್ನೂ ನೋಡಿತು. ಬಯೊನೆಟ್ ಹಾಕಿ ತೆಗೆಯುವಾಗ ಸೈನಿಕ ಹೆಣದ ಮೇಲೆ ಕಾಲಿಟ್ಟು ಎಳೆಯಬೇಕಾಯಿತಂತೆ.

ಆ ದಿನದಿಂದ ಮಿಸ್ ಗುಗೆ ಬಲಗಿವಿ ಕೇಳಿಸಲಿಲ್ಲ. ಮುಂದೆ ಷೆನ್ ಅದೇ ಕಾಲೇಜಿಗೆ ಸೇರಿದಾಗ ಕ್ಲಾಸಿನಲ್ಲಿ ಅವಳ ಒಂದೇ ಮಾತು: “ಕೊನೆಯ ಬೆಂಚಿಗೆ ಕೇಳಿಸುವಂತೆ ಓದು.”

ಹೃಷಿಕೇಶ್‌ಗೆ ನನ್ನ ಆಶೀರ್ವಾದ ತಿಳಿಸು.

ಚಂದ್ರಪ್ರಭಾ


ಮೆಲ್ಬರ್ನ್
3 ಮಾರ್ಚ್ 2024

ಆಂಟಿ,

ನಿಮ್ಮ ಕಾಗದವನ್ನು ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಮೂರು ಸಲ ಓದಿದೆ. ಬೇರೆಲ್ಲೂ ಏಕಾಂತ ಸಿಗಲಿಲ್ಲ. ಆ ಕಪಾಟಿನ ಮಗು ನನ್ನನ್ನು ಬಿಡುತ್ತಿಲ್ಲ. ಒಬ್ಬಳನ್ನು ಉಳಿಸಿದ್ದಕ್ಕೆ ಹನ್ನೊಂದು ಜನ ಹೋದರೆ ಅದನ್ನು ಏನೆನ್ನಬೇಕು? ಮುಂದೆ ಏನಾಯಿತು ಕೇಳಿ. ಮಿಷನರಿಗಳೆಲ್ಲ 1951ರ ಹೊತ್ತಿಗೆ ಚೀನಾ ಬಿಡಬೇಕಾಯಿತು. ಮಿಸ್ ಗು ಅವರ ಜೊತೆ ಹೋದಳೋ, ಉಳಿದಳೋ?

ಒಂದು ಸೀಲ್ ಮಾಡಿದ ಕವರ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತದೆ. ಥೀಸಿಸ್ ಕಾಗದಗಳು. ನಮ್ಮ ಮನೆಯಲ್ಲಿ ಜಾಗ ಕಡಿಮೆ, ನಿಮ್ಮಲ್ಲಿರಲಿ.

ಹಿಂದಿನ ತಿಂಗಳು ನನ್ನ ಲ್ಯಾಪ್‌ಟಾಪ್ ಬಾಲ್ಕನಿಯಿಂದ ಕೆಳಗೆ ಬಿತ್ತು. ಅದಕ್ಕೇ ಈಗ ನೋಟ್ಸ್ ಕೂಡ ಕೈಬರಹದಲ್ಲೇ. ಫೋನ್ ಮಾಡಬೇಡಿ, ಕಾಗದವೇ ಚೆಂದ.

ಅಪರ್ಣಾ


ಎಪ್ಪಿಂಗ್
14 ಮಾರ್ಚ್ 2024

ಎಲೈ ಮರೆಗುಳಿ,

ಕವರ್ ಬಂತು. ಪೋಸ್ಟಿನವರು ಒಂದು ಮೂಲೆ ಹರಿದಿದ್ದರು, ನೋಡಿದರೆ ಒಳಗೆ ನಿನ್ನ ಪಾಸ್‌ಪೋರ್ಟ್! ಡಿಗ್ರಿ ಸರ್ಟಿಫಿಕೇಟುಗಳು ಬೇರೆ, ಯೂನಿವರ್ಸಿಟಿ ಹಾಸ್ಟೆಲಿನ ಯಾವುದೋ ಪತ್ರ ಬೇರೆ. ಥೀಸಿಸ್ ಕಾಗದದ ಜೊತೆ ಅದನ್ನೆಲ್ಲ ತುರುಕಿಬಿಟ್ಟಿದ್ದೀಯಲ್ಲೇ. ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೇನೆ. ವಾಪಸು ಕಳಿಸಲಾ?

ಲ್ಯಾಪ್‌ಟಾಪ್ ತಾನಾಗಿ ಹಾರಿತೇ? ಜಗಳವಾಡಿದಿರಾ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ತಲೆ ಕೆಡಿಸಿಕೊಳ್ಳಬೇಡ.

ಈಗ ಷೆನ್ ಹೇಳಿದ ಎರಡನೆಯ ಭಾಗ. ಮಿಸ್ ಗು ಹೋಗಲಿಲ್ಲ. ಪ್ರಿನ್ಸಿಪಾಲ್ ಹಡಗಿನ ಟಿಕೆಟ್ ಹಿಡಿದು ಕರೆದರೂ “ನನ್ನ ಹುಡುಗಿಯರ ಪರೀಕ್ಷೆ ಇದೆ” ಅಂದಳಂತೆ. ಹೊಸ ಕಮ್ಯುನಿಸ್ಟ್ ಸರ್ಕಾರ ಕಾಲೇಜನ್ನು ವಶಕ್ಕೆ ತೆಗೆದುಕೊಂಡಿತು. 1951ರಲ್ಲಿ ಆರೋಪ ಸಭೆಗಳು ಶುರುವಾದವು. ವಿದೇಶಿಯರ ಜೊತೆ ಇದ್ದವರನ್ನು ವೇದಿಕೆಯ ಮೇಲೆ ಮಂಡಿಯೂರಿಸುವುದು, ಅವರ ಶಿಷ್ಯೆಯರೇ ಒಬ್ಬೊಬ್ಬರಾಗಿ ಬಂದು ದೂರು ಹೇಳುವುದು, ಕೆನ್ನೆಗೆ ಬಾರಿಸಿ ಹೋಗುವುದು. ಬಾರಿಸದವಳು ಮರುದಿನ ತಾನೇ ಮಂಡಿಯೂರಬೇಕು.

ಮಿಸ್ ಗು ಕೋಣೆಯಲ್ಲಿ ಪ್ರಿನ್ಸಿಪಾಲ್ ಬರೆದ ಇಂಗ್ಲಿಷ್ ಕಾಗದಗಳ ಒಂದು ಕಟ್ಟು ಸಿಕ್ಕಿತು. ಪಕ್ಷದವರಿಗೆ ಇಂಗ್ಲಿಷ್ ಬಾರದು. ಕಾಲೇಜಿನಲ್ಲೇ ಇಂಗ್ಲಿಷಿನಲ್ಲಿ ಮೊದಲಿದ್ದ ಒಬ್ಬ ಹುಡುಗಿಯನ್ನು ಕರೆದರು. ಅವಳು ಓದಿ ಚೀನೀ ಭಾಷೆಗೆ ತಿರುಗಿಸಿ ಹೇಳಿದಳು. ಹವಾಮಾನ, ಕೆಮ್ಮು, ಹಳೆಯ ವಿದ್ಯಾರ್ಥಿನಿಯರ ಮದುವೆ, ಅಷ್ಟೇ ಇದ್ದದ್ದು. ಆದರೆ ಒಂದೊಂದು ಸಾಲಿಗೂ ಸಭೆ “ಗೂಢಚಾರಿಣಿ” ಎಂದು ಕೂಗಿತು. ಮೂರನೆಯ ಕಾಗದದ ಹೊತ್ತಿಗೆ ಯಾರೋ ಲ್ಯಾಬಿನ ಕಬ್ಬಿಣದ ಸ್ಟ್ಯಾಂಡ್ ತಂದು ಮಿಸ್ ಗು ಬಾಯಿಗೆ ಬೀಸಿದರು. ಹಲ್ಲು ಮೊದಲ ಸಾಲಿನವರ ಮಡಿಲಿಗೆ ಬಿದ್ದಿತಂತೆ. ಹುಡುಗಿ ಹೆದರಿ ಸ್ವರ ಇಳಿಸಿದಳು. ಆಗ ಮಿಸ್ ಗು, ಬಾಯಿತುಂಬ ರಕ್ತ, ತಲೆ ಎತ್ತಿ ಹೇಳಿದಳು: “ಕೊನೆಯ ಬೆಂಚಿಗೆ ಕೇಳಿಸುವಂತೆ ಓದು.”

ಎಂಥ ಪಾಪಿ ಹುಡುಗಿ ಇರಬೇಕು ಅವಳು! ಅನ್ನ ಹಾಕಿದ ಕೈಯನ್ನು ಕಡಿಯುವುದೆಂದರೆ ಇದೇ. ಮಾಡಿದ್ದುಣ್ಣೋ ಮಹಾರಾಯ ಅಂತ ಷೆನ್‌ಗೂ ಅನುವಾದಿಸಿ ಹೇಳಿದೆ. ಅವರು ನನ್ನನ್ನೇ ನೋಡುತ್ತ ಟೀ ಆರಿಸಿಕೊಂಡರು.

ಚಂದ್ರಪ್ರಭಾ


ಎಪ್ಪಿಂಗ್
25 ಮಾರ್ಚ್ 2024

ಅದೃಷ್ಟವಂತೆ,

ನಿನ್ನೆ ಭಾನುವಾರ ಮಧ್ಯಾಹ್ನ ಹೃಷಿಕೇಶ್ ವಿಡಿಯೋ ಕಾಲ್ ಮಾಡಿದ್ದ! ನಿನಗೆ ಹೇಳಿಯೇ ಇರುತ್ತಾನೆ, ಆದರೂ ನನ್ನ ಬಾಯಲ್ಲಿ ಕೇಳು. ಮೊದಲು ನನ್ನ ಹಿಂದಿನ ಕಾಗದದ ನಾಲ್ಕೂ ಪುಟಗಳ ಫೋಟೋ ವಾಟ್ಸ್ಯಾಪಿನಲ್ಲಿ ಬಂತು. ಆಮೇಲೆ ಅವನು. ಕಾರಿನಲ್ಲಿ ಕೂತಿದ್ದ.

“ಆಂಟಿ, ನಂಗೆ ಕನ್ನಡ ಓದೋಕ್ ಬರಲ್ಲ ಅಂತ ನಿಮಗೆ ಗೊತ್ತಲ್ಲ. ಅಪರ್ಣಾ ನಿಮ್ಮ ಲೆಟರ್ ಬಂದ್ರೆ ಸಾಕು, ಕಣ್ಣಿಗೊತ್ಕೋತಾಳೆ. ಅವಳ ರಿಸರ್ಚಲ್ಲಿ ನಾನೂ ಸ್ವಲ್ಪ ಇನ್ವಾಲ್ವ್ ಆಗೋಣ ಅಂತ. ಪ್ಲೀಸ್, ಸ್ವಲ್ಪ ಓದಿ ಹೇಳ್ತೀರಾ?”

ನನ್ನ ಯಜಮಾನರು ಬದುಕಿರುವ ತನಕ ನಾನು ಏನು ಓದುತ್ತೇನೆಂದು ಒಂದು ದಿನ ಕೇಳಿದವರಲ್ಲ. ಹಿಂದೆ ನಮ್ಮ ಬೀದಿಯಲ್ಲಿ ಅಕ್ಷರ ಬಾರದ ಮುದುಕಿಯರಿಗೆಲ್ಲ ನಾನೇ ಕಾಗದ ಓದಿ ಹೇಳುತ್ತಿದ್ದೆ, ಆ ಹುಮ್ಮಸ್ಸೇ ಬಂದುಬಿಟ್ಟಿತು. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ, ಒಂದು ಪದ ಬಿಡದೆ, ಭಾವ ತುಂಬಿ ಓದಿದೆ. ಎಷ್ಟು ಗಮನವಿಟ್ಟು ಕೇಳಿದ ಅಂತೀಯಾ! ಪಾಸ್‌ಪೋರ್ಟ್, ಹಾಸ್ಟೆಲ್ ಪತ್ರ ಇರುವ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡ. “ಥ್ಯಾಂಕ್ಸ್ ಆಂಟಿ, ತುಂಬಾ ಹೆಲ್ಪ್ ಆಯ್ತು” ಅಂದ.

ಇಂಥ ಗಂಡನ ಮೇಲೆ ಮುನಿಸಿಕೊಳ್ಳಬೇಡ ಕಣೇ. ಬೇಗ ಬರೆ.

ಚಂದ್ರಪ್ರಭಾ


21 ಏಪ್ರಿಲ್ 2024

ಆಂಟಿ,

ಊರಿನ ಹೆಸರು ಬರೆದಿಲ್ಲ, ಬರೆಯುವಂತಿಲ್ಲ. ಇದು ಹೆಂಗಸರ ಆಶ್ರಯದ ಮನೆ. ಬರೆಯುವುದಿದ್ದರೆ ಕವರಿನ ಮೇಲಿನ ಪೋಸ್ಟ್ ಬಾಕ್ಸ್ ನಂಬರಿಗೆ ಬರೆಯಿರಿ. ಕಾಗದ ಎಡಗೈಯಲ್ಲಿ ಬರೆಯುತ್ತಿದ್ದೇನೆ, ಮೂರು ದಿನ ಹಿಡಿದಿದೆ. ನಿಮ್ಮ 25ನೇ ತಾರೀಕಿನ ಕಾಗದವನ್ನು ನನ್ನ ಸಾಮಾನಿನ ಜೊತೆ ಪೊಲೀಸರು ತಂದುಕೊಟ್ಟರು. ಅದೃಷ್ಟವಂತೆ ಅಂತ ಶುರು ಮಾಡಿದ್ದೀರಿ.

ಆ ಭಾನುವಾರ ನಾನು ಅವಲಕ್ಕಿ ತೊಳೆಯುತ್ತಿದ್ದೆ. ಅವರು ಕಾರ್ ಪಾರ್ಕಿನಿಂದ ಮೇಲೆ ಬಂದು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಸಿಟ್ಟಿನಲ್ಲಿರಲಿಲ್ಲ. ನಗುತ್ತಿದ್ದರು. “ಎಲೈ ಮರೆಗುಳಿ” ಅಂದರು. ನಿಮ್ಮ ಧಾಟಿಯಲ್ಲೇ. ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು.

ಮೊದಲು ಕುಕ್ಕರಿನ ಮುಚ್ಚಳ. ತಲೆಗೆ. ಬಿದ್ದ ಮೇಲೆ ಕಾಲು. ಮೂರು ಪಕ್ಕೆಲುಬು ಮುರಿದವು, ಒಂದು ಒಳಗೆ ಚುಚ್ಚಿತು. ಉಸಿರು ಎಳೆದರೆ ಬಾಯಲ್ಲಿ ರಕ್ತ ಬರುತ್ತಿತ್ತು. ಆಮೇಲೆ ಕೂರಿಸಿ, ನೀರು ಕೊಟ್ಟು ಕೇಳಿದರು: “ಬರಿಯೋ ಕೈ ಯಾವುದು?” ನಾನು ಎಡಗೈ ಚಾಚಿದೆ. “ಸುಳ್ಳು ಹೇಳ್ಬೇಡ” ಅಂದು ಬಲಗೈಯನ್ನು ಅಡುಗೆಮನೆಯ ಡ್ರಾಯರಿನೊಳಗಿಟ್ಟು ಮೊಣಕಾಲಿನಿಂದ ಒತ್ತಿದರು. ಒಂದು ಸಲವಲ್ಲ. ಫೆಬ್ರವರಿಯಲ್ಲಿ ಎರಡು ಬೆರಳು ಸಿಕ್ಕಿದ್ದೂ ಅದೇ ಡ್ರಾಯರಿಗೆ. ಕಾರಿನ ಬಾಗಿಲಲ್ಲ. ಲ್ಯಾಪ್‌ಟಾಪೂ ತಾನಾಗಿ ಬೀಳಲಿಲ್ಲ.

ಕೆಳಗಿನ ಫ್ಲಾಟಿನವರು ಸದ್ದು ಕೇಳಿ ಆಂಬುಲೆನ್ಸಿಗೆ ಫೋನ್ ಮಾಡಿದರು. ಆಪರೇಷನ್ ಎರಡಾಗಿದೆ. ಪೆನ್ನು ಹಿಡಿಯುವ ಬೆರಳುಗಳು ಮಡಚುವುದಿಲ್ಲ ಅಂತ ಸರ್ಜನ್ ಹೇಳಿದ್ದಾರೆ.

ಏಪ್ರಿಲ್ ಒಂದಕ್ಕೆ ನನಗೆ ಹಾಸ್ಟೆಲಿನಲ್ಲಿ ರೂಮು ಸಿಕ್ಕಿತ್ತು. ಇನ್ನು ಎಂಟು ದಿನ ಇತ್ತು ಆಂಟಿ. ಎಂಟೇ ದಿನ.

ನಿಮಗೆ ನಾನು ಸರಿಯಾಗಿ ಹೇಳಲಿಲ್ಲ, ನಿಜ. ನಾಚಿಕೆಯಾಯಿತು. ನಿಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಎಲ್ಲರೂ ಅವರನ್ನು ಚಿನ್ನದಂಥ ಹುಡುಗ ಅನ್ನುತ್ತಿದ್ದರು. ಆದರೆ ನಾನು ನಿಮಗೆ ಬರೆದದ್ದು ಅವರಿಗೆ ಓದಲು ಬಾರದ ಅಕ್ಷರದಲ್ಲಿ. ನನಗಿದ್ದ ಬಾಗಿಲು ಅದೊಂದೇ. ನೀವು ಅದನ್ನು ಭಾವ ತುಂಬಿ ತೆರೆದುಕೊಟ್ಟಿರಿ, ಎರಡು ಸಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತೀರಲ್ಲ. ಅವತ್ತು ನಾವು ಇಬ್ಬರೂ ಉಣ್ಣಲಿಲ್ಲ.

ಅಪರ್ಣಾ


ಎಪ್ಪಿಂಗ್
2 ಮೇ 2024

ಅಪರ್ಣಾ,

ಮೂರು ಸಲ ಬರೆದು ಹರಿದೆ. ನೆಪ ಹೇಳುವುದಿಲ್ಲ. ಓದಿದವಳು ನಾನು. ಬೆರಳು, ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ಎಲ್ಲ ಕಣ್ಣೆದುರಿಗೇ ಇತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಸೊನ್ನೆ ತಪ್ಪಿದರೂ ಹಿಡಿಯುತ್ತಿದ್ದವಳಿಗೆ ಇದು ಕಾಣಲಿಲ್ಲ. ಕಾಣಲಿಲ್ಲ ಅನ್ನುವುದೂ ಸುಳ್ಳು. ನೋಡಲು ಮನಸ್ಸಿರಲಿಲ್ಲ. ನೋಡಿದ್ದರೆ ಏನಾದರೂ ಮಾಡಬೇಕಾಗುತ್ತಿತ್ತು.

ನಿನ್ನ ಕಾಗದವನ್ನು ಮಿಸೆಸ್ ಷೆನ್‌ಗೆ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಟೀ ಲೋಟ ಕೆಳಗಿಟ್ಟು, “ಕಾಗದ ಓದಿದ ಆ ಹುಡುಗಿ ನಾನೇ” ಅಂದರು.

ಮುಂದಿನದನ್ನೂ ಅವರೇ ಹೇಳಿದರು. “ಅವಳು ಆಸಿಡ್ ಸುರಿಯದಿದ್ದರೆ ಆ ಮೂವತ್ತು ಜನ ಬರುತ್ತಿರಲಿಲ್ಲ, ನನ್ನ ಅಮ್ಮ ಉಳಿಯುತ್ತಿದ್ದಳು ಎಂದು ಹದಿನಾಲ್ಕು ವರ್ಷ ಒಳಗೇ ಕುದಿಸಿಕೊಂಡಿದ್ದೆ. ನನ್ನನ್ನು ಕಪಾಟಿಗೆ ತಳ್ಳಿದವಳೂ ಅವಳೇ ಎನ್ನುವುದನ್ನು ಮರೆತಿದ್ದೆ. ಓದು ಅಂದಾಗ ಭಯಕ್ಕೆ ಓದಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೊದಲ ಕಾಗದವನ್ನು ಭಯಕ್ಕೆ ಓದಿದೆ. ಎರಡನೆಯದನ್ನು ಖುಷಿಗೆ ಓದಿದೆ. ನಾನು ಚೆನ್ನಾಗಿ ಓದುತ್ತೇನೆ ಎಂದು ಎಲ್ಲರೂ ಕೇಳುತ್ತಿದ್ದರಲ್ಲ, ಅದಕ್ಕೆ.”

ಆ ಮಾತು ನನ್ನ ಕೆನ್ನೆಗೆ ಬಿತ್ತು. ನನ್ನದೂ ಅದೇ ಅಲ್ಲವೇ?

ಮಿಸ್ ಗು ಸಾಯಲಿಲ್ಲ. ದವಡೆ ಸೊಟ್ಟಗೆ ಕೂಡಿಕೊಂಡಿತು. ಅದೇ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುವ ಕೆಲಸಕ್ಕೆ ಹಾಕಿದರು. ಅಲ್ಲೇ ಕೆಲಸಕ್ಕೆ ಸೇರಿದ ಷೆನ್ ಹನ್ನೆರಡು ವರ್ಷ ದಿನಾ ಅವಳೆದುರು ಹಾದುಹೋದರು, ಒಂದು ಮಾತಾಡಲಿಲ್ಲ. ಆಮೇಲೆ ಅವಳು ಸತ್ತಳು. “ನನ್ನ ಮೇಲೆ ಯಾರೂ ಕೇಸು ಹಾಕಲಿಲ್ಲ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನಾಗಿ ಹೇಳಬಹುದಿತ್ತು” ಅಂದರು.

ಇನ್ನೊಂದು ವಿಷಯ, ಮುಚ್ಚಿಡುವುದಿಲ್ಲ. ನಮ್ಮ ಕನ್ನಡ ಸಂಘದ ಹಿರಿಯಣ್ಣ ಅಂಕಲ್ ಫೋನ್ ಮಾಡಿದ್ದರು. “ಸಂಸಾರದ್ ವಿಷ್ಯ ಕಣಮ್ಮ, ನಮ್ ಹುಡ್ಗ ಇಲ್ಲಿ ಖಾಯಂ ಇರೋ ಪಿಆರ್ ಪ್ರಶ್ನೆ. ನೀವ್ ಮಧ್ಯ ಹೋಗ್ಬೇಡಿ” ಅಂದರು. ನಾನು ಹ್ಞೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಫೋನ್ ಇಟ್ಟೆ.

ನಿನ್ನ ಕವರ್ ಬೀರುವಿನಲ್ಲಿ ಭದ್ರವಾಗಿದೆ. ಕೇಳಿದವರ ಕೈಗೆ ಕೊಡುವುದಿಲ್ಲ. ನಿನ್ನ ಕೈಗೆ ಮಾತ್ರ.

ಚಂದ್ರಪ್ರಭಾ


12 ಮೇ 2024

ಆಂಟಿ,

ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಈಗ ಕೇಳಬೇಡಿ.

ಜೂನ್ ನಾಲ್ಕಕ್ಕೆ ಮೆಲ್ಬರ್ನ್ ಕೋರ್ಟಿನಲ್ಲಿ ಹೃಷಿಕೇಶ್ ಮೇಲಿನ ಕೇಸು. ನಾನು ಮೆಟ್ಟಿಲಿನಿಂದ ಬಿದ್ದೆ ಎಂದು ಅವರ ವಕೀಲರು ಹೇಳುತ್ತಿದ್ದಾರೆ. ಹೆಂಡತಿ ಮನೆ ಬಿಡುವುದು ಗಂಡನಿಗೆ ಗೊತ್ತೇ ಇರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ, ಕಾಗದಗಳೆಲ್ಲ ಕನ್ನಡದಲ್ಲಿದ್ದವು, ಅವರಿಗೆ ಕನ್ನಡ ಓದಲು ಬಾರದು, ಹಾಗಿರುವಾಗ ಹೊಡೆಯಲು ಕಾರಣವೇ ಇರಲಿಲ್ಲ ಎನ್ನುತ್ತಾರೆ. ನಾನು ನಂಬಿದ್ದ ಗೋಡೆಯ ಹಿಂದೆ ಈಗ ಅವರು ಅಡಗಿದ್ದಾರೆ.

ಅವರು ತಮ್ಮ ಫೋನಿನಿಂದ ಫೋಟೋ ಅಳಿಸಿದ್ದಾರೆ. ನಿಮ್ಮ ಫೋನಿನಲ್ಲಿ ಇದೆ. ಯಾವ ದಿನ, ಎಷ್ಟು ಗಂಟೆಗೆ ಕೇಳಿದರು, ಯಾವ ಸಾಲು ಓದಿದಿರಿ, ಯಾವುದನ್ನು ಎರಡು ಸಲ ಓದಿದಿರಿ, ಇದನ್ನು ಹೇಳಬಲ್ಲವರು ನೀವೊಬ್ಬರೇ. ಎಲ್ಲರೆದುರು ಹೇಳಬೇಕು. ಅವರ ಅಪ್ಪ ಅಮ್ಮ ಪುಣೆಯಿಂದ ಬರುತ್ತಾರೆ. ಹಿರಿಯಣ್ಣ ಅಂಕಲ್ ಕೂಡ ಸಿಡ್ನಿಯಿಂದ ನಾಲ್ಕು ಜನರನ್ನು ಕರೆದುಕೊಂಡು ಬಂದು ಹಿಂದೆ ಕೂರುತ್ತಾರಂತೆ.

ನಿಮ್ಮನ್ನು ಬೇಡಿಕೊಳ್ಳುತ್ತಿಲ್ಲ. ಕೇಳುತ್ತಿದ್ದೇನೆ, ಅಷ್ಟೇ.

ಅಪರ್ಣಾ


ಎಪ್ಪಿಂಗ್
17 ಮೇ 2024

ಅಪರ್ಣಾ,

ಫೋಟೋಗಳನ್ನು ಪೊಲೀಸರಿಗೆ ಕಳಿಸಿದೆ. ಹೇಳಿಕೆಗೆ ಸಹಿ ಹಾಕಿದೆ. ಹಿರಿಯಣ್ಣ ಅಂಕಲ್‌ಗೆ ನಾನೇ ಫೋನ್ ಮಾಡಿ ಉಹೂಂ ಅಂದೆ. ಮರುದಿನವೇ ಸಂಘದ ಹಬ್ಬದೂಟದ ವಾಟ್ಸ್ಯಾಪ್ ಗ್ರೂಪಿನಿಂದ ನನ್ನ ಹೆಸರು ತೆಗೆದಿದ್ದಾರೆ. ಈ ವಯಸ್ಸಿನಲ್ಲಿ ಹೋಳಿಗೆ ಕಡಿಮೆ ತಿಂದರೆ ಒಳ್ಳೆಯದೇ.

ಜೂನ್ ಮೂರಕ್ಕೆ ಎರಡು ಟಿಕೆಟ್ ಬುಕ್ ಮಾಡಿದ್ದೇನೆ. ಇನ್ನೊಂದು ಮಿಸೆಸ್ ಷೆನ್‌ಗೆ. ವೀಲ್‌ಚೇರಿನಲ್ಲಿ ವಿಮಾನ ಹತ್ತುತ್ತಾರಂತೆ, ಡಾಕ್ಟರ್ ಬೇಡವೆಂದರೂ ಕೇಳಲಿಲ್ಲ. ನಿನ್ನ ಕವರ್ ನನ್ನ ಕೈಚೀಲದಲ್ಲಿ ಇರುತ್ತದೆ.

ಜಡ್ಜ್ ಮುಂದೆ ನನ್ನ ಸ್ವರ ನಡುಗಬಹುದು ಎಂದು ಷೆನ್ ಹತ್ತಿರ ಹೇಳಿಕೊಂಡೆ. ಅವರಿಗೂ ಈಗ ಕಿವಿ ಮಂದ. ಹಿರಿಯಣ್ಣನವರ ಪಕ್ಕದಲ್ಲೇ, ಕೊನೆಯ ಬೆಂಚಿನ ಹತ್ತಿರ ತಮ್ಮ ವೀಲ್‌ಚೇರ್ ನಿಲ್ಲಿಸಬೇಕು ಅಂದಿದ್ದಾರೆ. ಕೇಳಿಸದಿದ್ದರೆ ಕೈ ಎತ್ತುತ್ತಾರಂತೆ.

ಚಂದ್ರಪ್ರಭಾ